ರಕ್ತ ಹರಿಯದ ಕಡೆ ಮದ್ದೂ ಹರಿಯದು

ಮೆದುಳಿನಲ್ಲಿ ಗಡ್ಡೆ ಎಂದು ತಲೆಬುರುಡೆ ತೆರೆದ ಶಸ್ತ್ರಚಿಕಿತ್ಸಕರಿಗೆ ಒಮ್ಮೊಮ್ಮೆ ಕಣ್ಣಿಗಿಂತ ಮೊದಲು ಕೈಗೇ ಅನುಮಾನ ಬರುತ್ತದೆ: ಇದು ಶಿಲೀಂಧ್ರ ಸೋಂಕಿರಬಹುದೇ? ಬಹಳಷ್ಟು ಗಡ್ಡೆಗಳು ಮುಟ್ಟಿದರೆ ರಕ್ತ ಒಸರುತ್ತವೆ, ಹೀರುನಳಿಕೆ ಇಟ್ಟರೆ ಚೂರುಚೂರಾಗಿ ಕಿತ್ತು ಬರುತ್ತವೆ. ಇದು ಜಗ್ಗುತ್ತಿಲ್ಲ. ಗಟ್ಟಿಯಾಗಿದೆ, ನಾರುನಾರಾಗಿದೆ, ಕತ್ತರಿಸಿದರೂ ರಕ್ತ ಅಷ್ಟಾಗಿ ಬರುತ್ತಿಲ್ಲ. ಅಂಥ ಹೊತ್ತಿನಲ್ಲಿ ಅನುಭವಸ್ಥ ವೈದ್ಯರು ಪಕ್ಕದಲ್ಲಿರುವ ನರ್ಸ್‌ಗೆ ಹೇಳುವ ಮಾತು ಚಿಕ್ಕದು: "ಎಲ್ಲವನ್ನೂ ಫಾರ್ಮಲಿನ್‌ಗೆ ಹಾಕಬೇಡಿ. ಒಂದು ತುಣುಕು ಸಲೈನ್‌ನಲ್ಲಿರಲಿ."

ಆಪರೇಷನ್ ಥಿಯೇಟರಿನಿಂದ ಹೊರಗೆ ಹೋಗುವ ತುಣುಕುಗಳು ರೂಢಿಯಂತೆ ಫಾರ್ಮಲಿನ್ ತುಂಬಿದ ಬಾಟಲಿಯಲ್ಲಿ ಪೆಥಾಲಜಿ ವಿಭಾಗ ಸೇರುತ್ತವೆ. ಗಡ್ಡೆ ಕ್ಯಾನ್ಸರೇ ಅಲ್ಲವೇ ಎಂದು ನೋಡಲು ಅದು ಸರಿಯಾದ ದಾರಿ. ಆದರೆ ಫಾರ್ಮಲಿನ್ ಮುಟ್ಟಿದ ಕೂಡಲೇ ಅದರೊಳಗಿನ ಜೀವಾಣುಗಳೆಲ್ಲ ಸಾಯುತ್ತವೆ. ಸತ್ತ ಶಿಲೀಂಧ್ರವನ್ನು ಸೂಕ್ಷ್ಮದರ್ಶಕದಲ್ಲಿ ನೋಡಬಹುದೇ ಹೊರತು ತಟ್ಟೆಯಲ್ಲಿ ಬೆಳೆಸಿ, ಯಾವ ಜಾತಿ, ಯಾವ ಔಷಧಕ್ಕೆ ಬಗ್ಗುತ್ತದೆ ಎಂದು ತಿಳಿಯಲಾಗದು. ಸಲೈನ್‌ನಲ್ಲಿಟ್ಟ ಆ ಒಂದು ತುಣುಕು ಮೈಕ್ರೊಬಯಾಲಜಿ ಲ್ಯಾಬಿಗೆ ಜೀವಂತವಾಗಿ ತಲುಪಿದರೆ ರೋಗಿಯ ಮುಂದಿನ ಎಷ್ಟೋ ತಿಂಗಳ ಚಿಕಿತ್ಸೆ ಅಲ್ಲೇ ನಿರ್ಧಾರವಾಗುತ್ತದೆ.

ಲ್ಯಾಬಿನಲ್ಲಿ ಮೊದಲ ಪರೀಕ್ಷೆಗೆ ಹೆಚ್ಚು ಹೊತ್ತು ಬೇಕಿಲ್ಲ. ತುಣುಕಿನ ಮೇಲೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿ ಬಿಟ್ಟರೆ ಮಾಂಸ ಕರಗಿ ತಿಳಿಯಾಗುತ್ತದೆ, ಶಿಲೀಂಧ್ರದ ಎಳೆಗಳು ಮಾತ್ರ ಉಳಿಯುತ್ತವೆ. ಎಳೆ ತೆಳ್ಳಗಿದ್ದು, ನಡುನಡುವೆ ಅಡ್ಡಗೋಡೆಗಳಿದ್ದು, ಸುಮಾರು 45 ಡಿಗ್ರಿ ಕೋನದಲ್ಲಿ ಕವಲೊಡೆದಿದ್ದರೆ ಆಸ್ಪರ್‌ಜಿಲಸ್ ಇರಬಹುದು. ಅಗಲವಾಗಿ, ಮಡಚಿಕೊಂಡು, ಅಡ್ಡಗೋಡೆಗಳೇ ಇಲ್ಲದಂತಿದ್ದು, ಹೆಚ್ಚುಕಡಿಮೆ ಲಂಬವಾಗಿ ಕವಲೊಡೆದಿದ್ದರೆ ಮ್ಯೂಕರ್ ಗುಂಪು. ಎರಡಕ್ಕೂ ಮದ್ದು ಬೇರೆ. ಆಸ್ಪರ್‌ಜಿಲಸ್‌ಗೆ ಮೊದಲ ಆಯ್ಕೆಯಾದ ವೊರಿಕೊನಝೋಲ್ ಮ್ಯೂಕರ್ ಮೇಲೆ ಕೆಲಸವನ್ನೇ ಮಾಡುವುದಿಲ್ಲ. ಹಾಗಾಗಿ ಎಳೆಯ ಅಗಲ ಮತ್ತು ಕೋನ ನೋಡುವ ಈ ಕೆಲಸ ಬರೀ ಪುಸ್ತಕದ ವಿದ್ಯೆಯಲ್ಲ.

ನಮ್ಮ ಸುತ್ತಲಿನ ಗಾಳಿ, ಮಣ್ಣು, ಗೊಬ್ಬರದ ಗುಂಡಿ, ಹಳೆಯ ಬ್ರೆಡ್ಡು, ಕೊಳೆತ ಹಣ್ಣು ಎಲ್ಲೆಡೆಯೂ ಶಿಲೀಂಧ್ರಗಳ ಬೀಜಕಣಗಳಿವೆ. ದಿನವೂ ಅವನ್ನು ಉಸಿರಾಡುತ್ತೇವೆ, ಏನೂ ಆಗುವುದಿಲ್ಲ. ನಮ್ಮ ಮೈಯ 37 ಡಿಗ್ರಿ ಶಾಖವನ್ನು ತಾಳುವ ಶಿಲೀಂಧ್ರಗಳೇ ಕಡಿಮೆ. ತಾಳಿದವನ್ನು ರಕ್ತದ ಬಿಳಿ ಕಣಗಳು ನುಂಗಿಬಿಡುತ್ತವೆ. ಕಾವಲು ಸಡಿಲವಾದಾಗ ಅವು ಮೂರು ದಾರಿಯಲ್ಲಿ ಮೆದುಳು ಸೇರುತ್ತವೆ. ಶ್ವಾಸಕೋಶದಲ್ಲಿ ನೆಲೆಸಿ ರಕ್ತದ ಮೂಲಕ ಬರುವುದು ಒಂದು, ಮೂಗಿನ ಪಕ್ಕದ ಸೈನಸ್ ಗೂಡುಗಳಿಂದ ತೆಳು ಮೂಳೆ ಕೊರೆದು ಏರುವುದು ಇನ್ನೊಂದು. ಗಾಯದಿಂದಲೋ ಸೂಜಿಯಿಂದಲೋ ನೇರವಾಗಿ ಹೊಗುವುದು ಮೂರನೆಯದು.

ಎರಡನೆಯ ದಾರಿ ಎಷ್ಟು ಭೀಕರ ಎಂಬುದನ್ನು 2021ರ ಬೇಸಿಗೆಯಲ್ಲಿ ದೇಶವೇ ನೋಡಿತು. ಕೋವಿಡ್ ಎರಡನೇ ಅಲೆ ಇಳಿಯುವ ಮೊದಲೇ ಊರೂರಿನಲ್ಲಿ ಕಪ್ಪು ಶಿಲೀಂಧ್ರದ, ಅಂದರೆ ಮ್ಯೂಕರ್ ಸೋಂಕಿನ, ಮಾತು ಶುರುವಾಯಿತು. ಬೆಂಗಳೂರಿನ ಬೌರಿಂಗ್ ಆಸ್ಪತ್ರೆ, ಹುಬ್ಬಳ್ಳಿಯ ಕಿಮ್ಸ್ ಮುಂತಾದ ಕಡೆ ಇದಕ್ಕೆಂದೇ ವಾರ್ಡ್‌ಗಳು ತೆರೆದವು. ಆ ವರ್ಷದ ಜುಲೈ ವೇಳೆಗೆ ದೇಶದಲ್ಲಿ 45,000ಕ್ಕೂ ಹೆಚ್ಚು ಪ್ರಕರಣಗಳು, 4,300ಕ್ಕೂ ಹೆಚ್ಚು ಸಾವುಗಳು ದಾಖಲಾಗಿವೆ ಎಂದು ಕೇಂದ್ರ ಸರ್ಕಾರ ಸಂಸತ್ತಿಗೆ ತಿಳಿಸಿತು. ದೇಶದ ಕಣ್ಣಿನ ವೈದ್ಯರು ಕೂಡಿ 2,826 ರೋಗಿಗಳ ವಿವರ ಕಲೆಹಾಕಿದರು: ಶೇ. 78 ಮಂದಿಗೆ ಸಕ್ಕರೆ ಕಾಯಿಲೆ ಇತ್ತು, ಶೇ. 87 ಮಂದಿ ಸ್ಟೀರಾಯ್ಡ್ ತೆಗೆದುಕೊಂಡಿದ್ದರು. ಕೋವಿಡ್‌ನಿಂದ ಜೀವ ಉಳಿಸಿದ ಸ್ಟೀರಾಯ್ಡೇ ಸಕ್ಕರೆಯನ್ನು ಏರಿಸಿ, ಬಿಳಿ ಕಣಗಳ ಕೈ ಕಟ್ಟಿ ಹಾಕಿ, ಮ್ಯೂಕರ್‌ಗೆ ಬಾಗಿಲು ತೆರೆದಿತ್ತು. ಸಕ್ಕರೆ ಕೈಮೀರಿ ರಕ್ತ ಆಮ್ಲವಾದಾಗ ಪ್ರೋಟೀನಿಗೆ ಅಂಟಿಕೊಂಡಿರುವ ಕಬ್ಬಿಣ ಬಿಡುಗಡೆಯಾಗುತ್ತದೆ, ಮ್ಯೂಕರ್ ಸೊಕ್ಕಿ ಬೆಳೆಯಲು ಬೇಕಾದದ್ದು ಆ ಕಬ್ಬಿಣವೇ.

ಈ ಶಿಲೀಂಧ್ರಕ್ಕೆ ರಕ್ತನಾಳವೆಂದರೆ ಪ್ರಾಣ. ನಾಳದ ಗೋಡೆ ಹೊಕ್ಕು ಒಳಗೇ ಬೆಳೆಯುತ್ತದೆ, ಅಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಮುಂದಿನ ಭಾಗ ಸತ್ತು ಕಪ್ಪಾಗುತ್ತದೆ. ಮೂಗಿನಲ್ಲಿ, ಅಂಗುಳಿನಲ್ಲಿ ಕಾಣುವ ಕಪ್ಪು ಆ ಸತ್ತ ಮಾಂಸದ್ದು. ಆಮೇಲೆ ಎಷ್ಟೇ ಬಲವಾದ ಔಷಧವನ್ನು ಕೈಯ ನಾಳಕ್ಕೆ ಹರಿಸಿದರೂ ಅದು ಸತ್ತ ಜಾಗದ ಅಂಚಿನವರೆಗೆ ಬಂದು ನಿಲ್ಲುತ್ತದೆ. ಮಂಡ್ಯದ ಕಡೆ ವಿಶ್ವೇಶ್ವರಯ್ಯ ನಾಲೆಯ ಕೊನೇ ಭಾಗದ ರೈತರಿಗೆ ಈ ಕಷ್ಟ ಬಿಡಿಸಿ ಹೇಳಬೇಕಿಲ್ಲ: ಅಣೆಕಟ್ಟು ತುಂಬಿದ್ದರೂ ನಡುವೆ ನಾಲೆ ಮುಚ್ಚಿದ್ದರೆ ಅವರ ಗದ್ದೆಗೆ ನೀರು ಬರುವುದಿಲ್ಲ. ಅತ್ತ ಸತ್ತ ಮಾಂಸದ ನಡುವೆ ಶಿಲೀಂಧ್ರ ಮಾತ್ರ ಹಾಯಾಗಿ ಬೆಳೆಯುತ್ತಿರುತ್ತದೆ.

ಆದ್ದರಿಂದ ಇಲ್ಲಿ ಶಸ್ತ್ರಚಿಕಿತ್ಸೆ ಔಷಧ ಸೋತ ಮೇಲಿನ ಕೊನೆಯ ಅಸ್ತ್ರವಲ್ಲ, ಮೊದಲ ದಿನದ ಕೆಲಸ. ಕಿವಿ ಮೂಗು ಗಂಟಲು ವೈದ್ಯರು ಮೂಗಿನ ಮೂಲಕ ಎಂಡೊಸ್ಕೋಪ್ ತೂರಿಸಿ ಸತ್ತದ್ದನ್ನು ಕೆರೆದು ತೆಗೆಯುತ್ತಾರೆ. ಎಲ್ಲಿಯವರೆಗೆ? ರಕ್ತ ಕಾಣುವವರೆಗೆ. ಬೇರೆ ಆಪರೇಷನ್‌ಗಳಲ್ಲಿ ರಕ್ತ ಬಂದರೆ ತಡೆಯಲು ಓಡಾಡುವ ವೈದ್ಯರಿಗೆ ಇಲ್ಲಿ ರಕ್ತ ಒಸರಿತೆಂದರೆ ಸಮಾಧಾನ. ಅಲ್ಲಿಂದಾಚೆ ಜೀವವಿದೆ, ಅಲ್ಲಿಗೆ ಔಷಧವೂ ತಲುಪುತ್ತದೆ. ಒಂದೇ ಸಲಕ್ಕೆ ಮುಗಿಯುತ್ತದೆ ಎಂಬ ಭರವಸೆ ಇಲ್ಲ. ದಿನಬಿಟ್ಟು ದಿನ ಮತ್ತೆ ಒಳಗೆ ನೋಡಬೇಕಾಗಬಹುದು. ಮೇಲ್ದವಡೆ ಹೋಗಿದ್ದರೆ ಅದನ್ನು ತೆಗೆಯಬೇಕು. ಆಮೇಲೆ ಆ ಜಾಗಕ್ಕೆ ದಂತವೈದ್ಯರು ತಟ್ಟೆಯೊಂದನ್ನು ಮಾಡಿಕೊಡದೆ ಹೋದರೆ ರೋಗಿ ಕುಡಿದ ಗಂಜಿ ಮೂಗಿನಲ್ಲಿ ಹೊರಬರುತ್ತದೆ. ಕಣ್ಣುಗೂಡಿನವರೆಗೆ ಹಬ್ಬಿ ದೃಷ್ಟಿ ಪೂರ್ತಿ ಹೋಗಿದ್ದರೆ, ಮೆದುಳಿಗೆ ದಾಟದಂತೆ ತಡೆಯಲು ಕಣ್ಣನ್ನೇ ತೆಗೆಯುವ ಮಾತು ಬರುತ್ತದೆ. ಕುಟುಂಬದವರಿಗೆ ಅದನ್ನು ಹೇಳುವುದು ವೈದ್ಯರ ಅತಿ ಕಷ್ಟದ ಕೆಲಸಗಳಲ್ಲೊಂದು. 2021ರಲ್ಲಿ ಕೆಲವು ಕೇಂದ್ರಗಳಲ್ಲಿ ಆಯ್ದ ರೋಗಿಗಳಿಗೆ ಕಣ್ಣುಗುಡ್ಡೆಯ ಹಿಂದೆಯೇ ಆಂಫೊಟೆರಿಸಿನ್ ಚುಚ್ಚಿ ಕಣ್ಣು ಉಳಿಸುವ ಪ್ರಯತ್ನ ನಡೆಯಿತು. ಕೆಲವರ ಕಣ್ಣು ಉಳಿಯಿತು ಕೂಡ.

ಆ ದಿನಗಳ ಸುದ್ದಿಯಲ್ಲೆಲ್ಲ ಇಂಜೆಕ್ಷನ್ ಕೊರತೆಯದೇ ಮಾತು. ಕೊರತೆ ನಿಜವೇ ಆಗಿತ್ತು. ಕೊಬ್ಬಿನ ಸೂಕ್ಷ್ಮ ಗುಳ್ಳೆಗಳೊಳಗೆ ಹುದುಗಿಸಿದ ಲೈಪೊಸೋಮಲ್ ಆಂಫೊಟೆರಿಸಿನ್ ಬಿ ದಿನಕ್ಕೆ ದೇಹದ ಪ್ರತಿ ಕಿಲೋಗೆ 5 ಮಿಲಿಗ್ರಾಂ ಬೇಕು. ಅರವತ್ತು ಕಿಲೋ ತೂಕದವರಿಗೆ ದಿನಕ್ಕೆ 300 ಮಿಲಿಗ್ರಾಂ, ಅಂದರೆ 50 ಮಿಲಿಗ್ರಾಂನ ಆರು ವಯಲ್. ಮೂರು ವಾರಕ್ಕೆ 126. ಮೆದುಳು ತಲುಪಿದ್ದರೆ ಪ್ರಮಾಣವನ್ನು ದುಪ್ಪಟ್ಟು ಮಾಡುವುದೂ ಉಂಟು. ಒಂದೊಂದಕ್ಕೂ ಆಗ ಸಾವಿರಾರು ರೂಪಾಯಿ. ಜೂನ್‌ನಲ್ಲಿ ಜಿಎಸ್‌ಟಿ ಮಂಡಳಿ ಈ ಔಷಧದ ಮೇಲಿನ ತೆರಿಗೆಯನ್ನೇ ತೆಗೆಯಿತು. ಆದರೆ ವಯಲ್ ಸಿಕ್ಕೂ ಆಪರೇಷನ್ ಆಗದವರು, ಆಪರೇಷನ್ ಆಗಿಯೂ ಸಕ್ಕರೆ ಇಳಿಯದವರು ಎಷ್ಟೋ ಮಂದಿ. ಔಷಧ, ಕತ್ತರಿ, ಇನ್ಸುಲಿನ್ ಮೂರೂ ಒಟ್ಟಿಗೆ ಇರಬೇಕಾದ ಕಾಯಿಲೆಯಲ್ಲಿ ಒಂದರ ಸುದ್ದಿಯಷ್ಟೇ ಮನೆಮನೆ ಮುಟ್ಟಿತು.

ಆಂಫೊಟೆರಿಸಿನ್‌ನ ಹುಟ್ಟು ಮಣ್ಣಿನಲ್ಲೇ ಇದೆ. 1950ರ ದಶಕದ ಮಧ್ಯದಲ್ಲಿ ಅಮೆರಿಕದ ಸ್ಕ್ವಿಬ್ ಸಂಶೋಧನಾಲಯದವರು ವೆನೆಜುವೆಲಾದ ಒರಿನೊಕೊ ನದಿ ಸೀಮೆಯ ಟೆಂಬ್ಲಡೋರಾ ಎಂಬಲ್ಲಿಂದ ತಂದ ಮಣ್ಣಿನಲ್ಲಿ ಸ್ಟ್ರೆಪ್ಟೊಮೈಸಿಸ್ ಎಂಬ ಬ್ಯಾಕ್ಟೀರಿಯಾ ಕಂಡುಕೊಂಡರು. ಅದು ತಯಾರಿಸುವ ಎರಡು ವಸ್ತುಗಳಲ್ಲಿ ಎರಡನೆಯದು, ಅಂದರೆ 'ಬಿ', ಹೆಚ್ಚು ಪರಿಣಾಮಕಾರಿಯಾಗಿತ್ತು. ಆ ದಶಕ ಮುಗಿಯುವ ಹೊತ್ತಿಗೆ ಅದು ಆಸ್ಪತ್ರೆ ಸೇರಿತು. ಏಳು ದಶಕ ಹತ್ತಿರವಾದರೂ ಮ್ಯೂಕರ್‌ಗೆ ಇಂದಿಗೂ ಅದೇ ಮೊದಲ ಮದ್ದು.

ಹೊಸ ಆಂಟಿಬಯಾಟಿಕ್‌ಗಳು ಸಾಲುಗಟ್ಟಿ ಬಂದ ಕಾಲದಲ್ಲಿ ಶಿಲೀಂಧ್ರಕ್ಕೆ ಏಕೆ ಇಷ್ಟು ಕಡಿಮೆ ಔಷಧ? ಬ್ಯಾಕ್ಟೀರಿಯಾದ ಕೋಶ ನಮ್ಮ ಕೋಶಕ್ಕಿಂತ ತೀರ ಬೇರೆ. ಅದರಲ್ಲಿರುವ, ನಮ್ಮಲ್ಲಿಲ್ಲದ ಭಾಗಕ್ಕೆ ಗುರಿಯಿಡುವುದು ಸುಲಭ. ಶಿಲೀಂಧ್ರ ಮಾತ್ರ ಜೀವವೃಕ್ಷದಲ್ಲಿ ನಮ್ಮ ದಾಯಾದಿ. ಅದನ್ನು ಕೊಲ್ಲುವುದು ನಮಗೂ ತಾಗುತ್ತದೆ. ನಮ್ಮ ಕೋಶದ ಪೊರೆಯಲ್ಲಿ ಕೊಲೆಸ್ಟರಾಲ್ ಇದ್ದರೆ ಅದರಲ್ಲಿ ಎರ್ಗೊಸ್ಟೆರಾಲ್ ಇದೆ. ಆಂಫೊಟೆರಿಸಿನ್ ಎರ್ಗೊಸ್ಟೆರಾಲ್‌ಗೆ ಅಂಟಿ ಪೊರೆಯನ್ನು ಕೆಡಿಸುತ್ತದೆ, ಆದರೆ ಕೊಲೆಸ್ಟರಾಲನ್ನೂ ಪೂರ್ತಿ ಬಿಡುವುದಿಲ್ಲ. ಅದರ ಪೆಟ್ಟು ಮೂತ್ರಪಿಂಡಕ್ಕೆ.

ಹಳೆಯ ರೀತಿಯ, ಅಗ್ಗದ ಆಂಫೊಟೆರಿಸಿನ್ ಕೊಡುವ ವಾರ್ಡಿನ ನರ್ಸ್‌ಗಳಿಗೆ ಅದರ ಗುಣವೆಲ್ಲ ಬಾಯಿಪಾಠ. ಮೊದಲು ಒಂದು ಬಾಟಲಿ ಸಲೈನ್ ಹರಿಸಬೇಕು, ಅದು ಮೂತ್ರಪಿಂಡವನ್ನು ಕಾಯುತ್ತದೆ. ಆದರೆ ಔಷಧವನ್ನು ಸಲೈನ್‌ನಲ್ಲಿ ಬೆರೆಸುವ ಹಾಗಿಲ್ಲ, ಬೆರೆಸಿದರೆ ಒಡೆದು ತಳಕ್ಕೆ ಕೂರುತ್ತದೆ. ಶೇ. 5ರ ಗ್ಲೂಕೋಸ್‌ನಲ್ಲೇ ಕರಗಿಸಿ ಗಂಟೆಗಟ್ಟಲೆ ನಿಧಾನ ಬಿಡಬೇಕು. ಸಕ್ಕರೆ ರೋಗಿಗೆ ಗ್ಲೂಕೋಸ್! ಹಾಗಾಗಿ ಪಕ್ಕದಲ್ಲೇ ಇನ್ಸುಲಿನ್. ಡ್ರಿಪ್ ಶುರುವಾದ ಸ್ವಲ್ಪ ಹೊತ್ತಿಗೆ ಹಲ್ಲು ಕಟಕಟಿಸುವಷ್ಟು ಚಳಿ, ಹಿಂದೆಯೇ ಜ್ವರ. ರಕ್ತದಲ್ಲಿ ಪೊಟ್ಯಾಸಿಯಂ ಇಳಿಯುತ್ತದೆ, ಅದನ್ನು ಪದೇಪದೇ ತುಂಬಿಸದಿದ್ದರೆ ಹೃದಯದ ಬಡಿತ ತಪ್ಪುತ್ತದೆ. ಲೈಪೊಸೋಮಲ್ ರೂಪ ಈ ಕಾಟವನ್ನು ಬಹಳ ಮಟ್ಟಿಗೆ ಇಳಿಸಿತು, ಬೆಲೆಯನ್ನು ಏರಿಸಿತು.

ಮೆದುಳಿನ ಮಟ್ಟಿಗೆ ಇನ್ನೂ ಒಂದು ತೊಡಕಿದೆ. ಮೆದುಳಿಗೆ ರಕ್ತ ತರುವ ಸೂಕ್ಷ್ಮ ನಾಳಗಳ ಗೋಡೆ ಬಿಗಿ ಕಾವಲಿನದು. ಬೇಡದ್ದನ್ನು ಒಳಗೆ ಬಿಡುವುದಿಲ್ಲ, ಎಷ್ಟೋ ಔಷಧಗಳನ್ನೂ ಬಿಡುವುದಿಲ್ಲ. ಆಂಫೊಟೆರಿಸಿನ್ ಬೆನ್ನುಹುರಿಯ ದ್ರವಕ್ಕೆ ಸೇರುವುದು ಅತ್ಯಲ್ಪ. ಈ ಕಾವಲನ್ನು ಬಳಸಿ ಹೋಗುವ ದಾರಿಯೊಂದನ್ನು ಮಾಡಿದವರು ಆಯೂಬ್ ಒಮ್ಮಾಯ. ಇಂದಿನ ಪಾಕಿಸ್ತಾನದ ಪಂಜಾಬಿನಲ್ಲಿ 1930ರಲ್ಲಿ ಹುಟ್ಟಿ, ಅಮೆರಿಕದಲ್ಲಿ ನರಶಸ್ತ್ರಚಿಕಿತ್ಸಕರಾದ ಅವರು 1963ರಲ್ಲಿ ತಲೆಚರ್ಮದ ಕೆಳಗೆ ಹುದುಗಿಸುವ ಸಿಲಿಕೋನ್ ಗುಬುಟೊಂದನ್ನು ರೂಪಿಸಿದರು. ಅದರಿಂದ ಸಣ್ಣ ಕೊಳವೆಯೊಂದು ಮೆದುಳಿನೊಳಗಿನ ದ್ರವದ ಕೋಣೆಗೆ ಇಳಿದಿರುತ್ತದೆ. ಗುಬುಟಿಗೆ ಸೂಜಿ ಚುಚ್ಚಿದರೆ ಔಷಧ ನೇರ ಒಳಗೆ. ಇಂದು ಕ್ಯಾನ್ಸರ್ ವಾರ್ಡುಗಳಲ್ಲಿ ಹೆಚ್ಚು ಕಾಣುವ ಈ ಒಮ್ಮಾಯ ಸಾಧನ ಮೊದಮೊದಲು ಬಳಕೆಗೆ ಬಂದದ್ದು ಮೆದುಳು ಪೊರೆಯ ಶಿಲೀಂಧ್ರ ಸೋಂಕಿಗೆ ಆಂಫೊಟೆರಿಸಿನ್ ಹಾಕಲೆಂದು.  

ಹೆಚ್ಚಾಗಿ ಕತ್ತರಿ ಬೇಡದ, ಸೂಜಿಯೇ ಜೀವ ಉಳಿಸುವ ಕಾಯಿಲೆಯೂ ಇದೆ: ಕ್ರಿಪ್ಟೊಕಾಕಸ್. ಪಾರಿವಾಳದ ಹಿಕ್ಕೆ ಬೆರೆತ ಮಣ್ಣಿನಲ್ಲಿ ಧಾರಾಳವಾಗಿರುವ ಈ ಯೀಸ್ಟ್, ಎಚ್‌ಐವಿಯಿಂದ ರೋಗನಿರೋಧಕ ಶಕ್ತಿ ಕುಸಿದವರ ಮೆದುಳು ಪೊರೆಗೆ ಬಂದು ಕೂರುತ್ತದೆ. 2020ರ ಲೆಕ್ಕದಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 1,52,000 ಎಚ್‌ಐವಿ ರೋಗಿಗಳಿಗೆ ಇದು ತಗಲುತ್ತದೆ, ಸುಮಾರು 1,12,000 ಮಂದಿ ಸಾಯುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು 1990ರ ದಶಕದಲ್ಲೇ ದಕ್ಷಿಣ ಭಾರತದ ಇಂಥ ರೋಗಿಗಳನ್ನು ಅಧ್ಯಯನ ಮಾಡಿ ಬರೆದಿದ್ದರು. ಬೆನ್ನಿನಿಂದ ತೆಗೆದ ದ್ರವದ ಹನಿಗೆ ಕಪ್ಪು ಶಾಯಿ ಬೆರೆಸಿ ನೋಡಿದರೆ, ಶಾಯಿ ಹೊಗಲಾರದ ದಪ್ಪ ಕವಚದೊಳಗೆ ದುಂಡನೆಯ ಯೀಸ್ಟ್ ಹೊಳೆಯುತ್ತದೆ. ಈಗ ಅದಕ್ಕಿಂತ ಸೂಕ್ಷ್ಮವಾದ ಪಟ್ಟಿ ಪರೀಕ್ಷೆ ಬಂದಿದೆ, ಹತ್ತೇ ನಿಮಿಷದ ಕೆಲಸ.

ಕವಚದ ಲೋಳೆ ದ್ರವ ಹರಿಯುವ ದಾರಿಗಳನ್ನು ಕಟ್ಟುತ್ತದೆ, ತಲೆಯೊಳಗಿನ ಒತ್ತಡ ಏರುತ್ತದೆ. ತಲೆ ಸಿಡಿಯುವ ನೋವು, ಕಣ್ಣು ಮಂಜು, ಕಿವುಡು, ಕೊನೆಗೆ ಪ್ರಜ್ಞೆ ತಪ್ಪುವುದು. ಅಳತೆಯ ಕೊಳವೆಯಲ್ಲಿ ದ್ರವ 25 ಸೆಂಟಿಮೀಟರ್ ದಾಟಿ ಏರಿದರೆ ಅವತ್ತೇ 20–30 ಮಿಲಿಲೀಟರ್ ಹೊರತೆಗೆಯಬೇಕು, ಅಗತ್ಯ ಬಿದ್ದರೆ ಮರುದಿನವೂ, ಅದರ ಮರುದಿನವೂ. ಬೆನ್ನಿನಿಂದ ನೀರು ತೆಗೆದರೆ ಸೊಂಟ ಹಿಡಿದುಕೊಳ್ಳುತ್ತದೆ, ಕಾಲು ಬೀಳುತ್ತದೆ ಎಂಬ ಅಂಜಿಕೆ ನಮ್ಮ ಹಳ್ಳಿಗಳಲ್ಲೂ ಪಟ್ಟಣಗಳಲ್ಲೂ ಇದೆ. ಒಪ್ಪಿಗೆ ಕೊಡದೆ ಮನೆಗೆ ಕರೆದೊಯ್ಯುವವರಿದ್ದಾರೆ. ಈ ಕಾಯಿಲೆಯಲ್ಲಿ ಆ ಸೂಜಿಯೇ ಅರ್ಧ ಚಿಕಿತ್ಸೆ. ಹಾಗೆ ಮಾಡಿಯೂ ಒತ್ತಡ ಇಳಿಯದಿದ್ದಾಗ ಮಾತ್ರ ನರಶಸ್ತ್ರಚಿಕಿತ್ಸಕರು ಬಂದು, ದ್ರವವನ್ನು ಹೊಟ್ಟೆಗೆ ಹರಿಸುವ ಶಂಟ್ ಕೊಳವೆ ಹಾಕುತ್ತಾರೆ.

ಒತ್ತಡ ಇಳಿಸಲು ಸ್ಟೀರಾಯ್ಡ್ ಕೊಡಬಹುದಲ್ಲ ಎಂದು ವೈದ್ಯರಿಗೂ ಅನಿಸುತ್ತಿತ್ತು. ಕ್ಷಯದ ಮೆದುಳುಪೊರೆ ಉರಿಯೂತದಲ್ಲಿ ಅದು ಉಪಯೋಗಕ್ಕೆ ಬರುತ್ತದೆ. ವಿಯೆಟ್ನಾಂ, ಉಗಾಂಡಾ ಸೇರಿ ಆರು ದೇಶಗಳಲ್ಲಿ ಅದನ್ನು ಪರೀಕ್ಷಿಸಿದರು. ಸ್ಟೀರಾಯ್ಡ್ ಪಡೆದವರಲ್ಲಿ ಶಿಲೀಂಧ್ರ ನಿಧಾನವಾಗಿ ಸಾಯುತ್ತಿತ್ತು, ಅಂಗವೈಕಲ್ಯ ಹೆಚ್ಚುತ್ತಿತ್ತು. ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಒಳ್ಳೆಯ ಸುದ್ದಿ ಬಂದದ್ದು ಆಫ್ರಿಕಾದ ಐದು ದೇಶಗಳ ಇನ್ನೊಂದು ಪ್ರಯೋಗದಿಂದ, 2022ರಲ್ಲಿ. ದಿನಾ ಡ್ರಿಪ್ ಹಾಕುವ ಬದಲು ಲೈಪೊಸೋಮಲ್ ಆಂಫೊಟೆರಿಸಿನ್‌ನ ಒಂದೇ ದೊಡ್ಡ ಡೋಸ್, ಜೊತೆಗೆ ಹದಿನಾಲ್ಕು ದಿನ ಎರಡು ಬಗೆಯ ಮಾತ್ರೆ. ಹತ್ತು ವಾರದೊಳಗಿನ ಸಾವು ಹಳೆಯ ಕ್ರಮಕ್ಕಿಂತ ಹೆಚ್ಚಾಗಲಿಲ್ಲ, ಅಡ್ಡಪರಿಣಾಮ ಕಡಿಮೆಯಾಯಿತು. ವಿಶ್ವ ಆರೋಗ್ಯ ಸಂಸ್ಥೆ ಅದೇ ವರ್ಷ ಆ ಕ್ರಮವನ್ನು ಒಪ್ಪಿತು.

ನಮ್ಮಲ್ಲಿ ದೊಡ್ಡ ಗೋಜಲು ಕ್ಷಯದ್ದು. ವಾರಗಟ್ಟಲೆ ತಲೆನೋವು, ಜ್ವರ, ಸ್ಕ್ಯಾನಿನಲ್ಲಿ ಒಂದು ಕಲೆ ಎಂದರೆ ಟಿಬಿ ಎಂದುಕೊಳ್ಳುವುದು ಸಹಜ, ಹೆಚ್ಚಿನ ಸಲ ಅದೇ ಇರುತ್ತದೆ. ಟಿಬಿ ಮಾತ್ರೆ, ಸ್ಟೀರಾಯ್ಡ್ ಶುರುವಾಗುತ್ತದೆ, ಫಿಟ್ಸ್ ಬಂದರೆ ಫೆನಿಟಾಯಿನ್ ಸೇರುತ್ತದೆ. ಒಳಗಿರುವುದು ಆಸ್ಪರ್‌ಜಿಲಸ್ ಎಂದು ಆಮೇಲೆ ಗೊತ್ತಾಗಿ ವೊರಿಕೊನಝೋಲ್ ಕೊಡಹೊರಟರೆ ಹಳೆಯ ಔಷಧಗಳೇ ಅಡ್ಡ ಬರುತ್ತವೆ. ಟಿಬಿಯ ರಿಫಾಂಪಿಸಿನ್, ಫಿಟ್ಸಿನ ಫೆನಿಟಾಯಿನ್ ಎರಡೂ ಯಕೃತ್ತನ್ನು ಚುರುಕುಗೊಳಿಸಿ ವೊರಿಕೊನಝೋಲನ್ನು ಬೇಗ ಬೇಗ ಕರಗಿಸಿಬಿಡುತ್ತವೆ. ಚೀಟಿಯಲ್ಲಿ ಔಷಧವಿರುತ್ತದೆ, ರಕ್ತದಲ್ಲಿ ಇರುವುದಿಲ್ಲ. ಹಾಗಾಗಿ ಮೊದಲು ಹಳೆಯ ಚೀಟಿಗಳನ್ನೆಲ್ಲ ಹರಡಿ ನೋಡಬೇಕು, ಆಮೇಲೆ ರಕ್ತದಲ್ಲಿ ಔಷಧದ ಮಟ್ಟ ಅಳೆಯಬೇಕು. ವೊರಿಕೊನಝೋಲ್ ಶುರುವಾದವರಿಗೆ ಬೆಳಕು ವಿಚಿತ್ರವಾಗಿ ಕಾಣುವುದು, ಇಲ್ಲದ್ದು ಕಣ್ಣಿಗೆ ಬೀಳುವುದು, ಬಿಸಿಲಿಗೆ ಚರ್ಮ ಸುಡುವುದು ಉಂಟು. ಮೊದಲೇ ಹೇಳದಿದ್ದರೆ ಮನೆಯವರು ತಲೆ ಕೆಟ್ಟಿತೆಂದು ಗಾಬರಿಯಾಗುತ್ತಾರೆ.

ಈ ಔಷಧದ ಮೇಲೆ ಇಷ್ಟು ಶ್ರಮ ಪಡುವುದಕ್ಕೆ ಕಾರಣವಿದೆ. ಆಸ್ಪರ್‌ಜಿಲಸ್ ಮೆದುಳಿಗೆ ಏರಿತೆಂದರೆ ಬದುಕುವವರೇ ಅಪರೂಪ ಎಂಬ ಕಾಲವಿತ್ತು. ವೊರಿಕೊನಝೋಲ್ ಪಡೆದ ಅಂಥ 81 ರೋಗಿಗಳ ವಿವರ 2005ರಲ್ಲಿ ಪ್ರಕಟವಾದಾಗ ಶೇ. 35 ಮಂದಿಯಲ್ಲಿ ಗುಣ ಕಂಡಿತ್ತು. ಮೆದುಳಿನ ಶಸ್ತ್ರಚಿಕಿತ್ಸೆಯೂ ಆದವರು ಬದುಕುಳಿದದ್ದು ಹೆಚ್ಚು.

ಕಪ್ಪು ಬಣ್ಣ ತನ್ನದೇ ಆದ ಶಿಲೀಂಧ್ರಗಳ ಕುಟುಂಬ ಬೇರೆಯೇ ಇದೆ. ಅವುಗಳಲ್ಲಿ ಕ್ಲಾಡೊಫಿಯಾಲೊಫೊರಾ ಬ್ಯಾಂಟಿಯಾನಾ ಎಂಬುದಕ್ಕೆ ಮೆದುಳೇ ಗುರಿ. ಭಾರತದಿಂದ ಹಲವಾರು ಪ್ರಕರಣಗಳು ವರದಿಯಾಗಿವೆ. 2004ರಲ್ಲಿ ಸಂಶೋಧಕರು ಈ ಕುಟುಂಬದ ಶಿಲೀಂಧ್ರಗಳು ಮೆದುಳಿಗೆ ತಗಲಿದ, ಜಗತ್ತಿನ 101 ಪ್ರಕರಣಗಳನ್ನು ಒಟ್ಟಿಗೆ ಪರಿಶೀಲಿಸಿದಾಗ, ಅರ್ಧಕ್ಕಿಂತ ಹೆಚ್ಚು ರೋಗಿಗಳಿಗೆ ರೋಗನಿರೋಧಕ ಶಕ್ತಿಯ ಕೊರತೆಯೇ ಇರಲಿಲ್ಲ. ಮೂರನೇ ಎರಡಕ್ಕಿಂತ ಹೆಚ್ಚು ಮಂದಿ ಸತ್ತಿದ್ದರು. ಬಾವನ್ನು ಸೂಜಿಯಿಂದ ಹೀರಿಸಿಕೊಂಡವರಿಗಿಂತ ಗೋಡೆಸಮೇತ ಪೂರ್ತಿ ತೆಗೆಸಿಕೊಂಡವರ ಸ್ಥಿತಿ ಮೇಲು. ಆದರೆ ಮಾತಿನ, ಕೈಕಾಲಿನ ಕೇಂದ್ರದ ಪಕ್ಕದಲ್ಲೇ ಬಾವು ಕೂತಿದ್ದರೆ ಪೂರ್ತಿ ತೆಗೆಯಲು ಹೋಗಿ ಮಾತೇ ಹೋಗಬಹುದು. ಎಷ್ಟು ತೆಗೆಯಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಯಾವ ಪುಸ್ತಕವೂ ಮೊದಲೇ ಬರೆದಿಡಲಾರದು.

ಶಿಲೀಂಧ್ರ ಒಳಹೊಗುವ ಮೂರನೇ ದಾರಿ, ಸೂಜಿಯದ್ದು, ದೊಡ್ಡ ಸುದ್ದಿಯಾದದ್ದು ಅಮೆರಿಕದಲ್ಲಿ. 2012ರ ಸೆಪ್ಟೆಂಬರ್‌ನಲ್ಲಿ ಟೆನ್ನೆಸ್ಸಿ ರಾಜ್ಯದಲ್ಲಿ, ಬೆನ್ನುನೋವಿಗೆ ಸ್ಟೀರಾಯ್ಡ್ ಚುಚ್ಚಿಸಿಕೊಂಡಿದ್ದ ರೋಗಿಯೊಬ್ಬರ ಬೆನ್ನಿನ ದ್ರವದಲ್ಲಿ ಶಿಲೀಂಧ್ರ ಬೆಳೆಯಿತು. ಜಾಡು ಹಿಡಿದು ಹೋದರೆ ಮ್ಯಾಸಚೂಸೆಟ್ಸ್‌ನ ಒಂದೇ ಔಷಧ ತಯಾರಿಕಾ ಘಟಕ ಸಿಕ್ಕಿತು. ಅಲ್ಲಿಂದ ಹೋದ ಸ್ಟೀರಾಯ್ಡ್ ಬಾಟಲಿಗಳಲ್ಲೇ ಬೂಷ್ಟು ಇತ್ತು. 20 ರಾಜ್ಯಗಳಲ್ಲಿ 753 ಮಂದಿಗೆ ಸೋಂಕು, ಸರ್ಕಾರಿ ಲೆಕ್ಕದಲ್ಲಿ 64 ಸಾವು. ಹೆಚ್ಚಿನವರಲ್ಲಿ ಸಿಕ್ಕಿದ್ದು ಎಕ್ಸರೊಹೈಲಮ್ ರಾಸ್ಟ್ರೇಟಮ್, ಹುಲ್ಲು ಗಿಡಗಳ ಮೇಲೆ ಬದುಕುವ ಶಿಲೀಂಧ್ರ.

ಅಲ್ಲಿ ವೈದ್ಯರು ಎದುರಿಸಿದ ಪ್ರಶ್ನೆಗೆ ಪೂರ್ವಾನುಭವವೇ ಇರಲಿಲ್ಲ. ಆ ಬಾಟಲಿಯ ಔಷಧ ಚುಚ್ಚಿಸಿಕೊಂಡೂ ತೊಂದರೆಯೆಂದು ವೈದ್ಯರ ಬಳಿ ಬಾರದವರನ್ನು ಏನು ಮಾಡುವುದು? ಮಿಶಿಗನ್‌ನಲ್ಲಿ ಅಂಥ 172 ಮಂದಿಗೆ ಎಂ.ಆರ್.ಐ. ಮಾಡಿ ನೋಡಿದರು. 36 ಮಂದಿಯ ಚಿತ್ರ ಸರಿಯಿರಲಿಲ್ಲ. ಬೆನ್ನುಮೂಳೆಯ ಬಳಿ ಬಾವು, ಉರಿಯೂತ ಸದ್ದಿಲ್ಲದೆ ಬೆಳೆದಿತ್ತು. ಕೆಲವರಿಗೆ ಶಸ್ತ್ರಚಿಕಿತ್ಸೆ ಮಾಡಿ ಬಾವು ತೆಗೆದರು, ವೊರಿಕೊನಝೋಲ್ ಶುರುಮಾಡಿದರು. ಕನಿಷ್ಠ ಮೂರು ತಿಂಗಳು ಎಂಬುದು ಆಗ ಬಂದ ಸಲಹೆ. ಎಷ್ಟೋ ಮಂದಿಗೆ ಅದು ಸಾಲದೆ ಮತ್ತೆ ಮತ್ತೆ ಮುಂದುವರಿಯಿತು. ಜ್ವರ ಇಲ್ಲ, ನೋವು ಇಲ್ಲ, ದ್ರವದಲ್ಲಿ ಕಣಗಳೂ ಸರಿಯಾಗಿವೆ ಎಂದರೂ ಮಾತ್ರೆ ನಿಲ್ಲಿಸುವ ದಿನ ಯಾವುದೆಂದು ಗಟ್ಟಿಯಾಗಿ ಹೇಳುವ ಪರೀಕ್ಷೆ ಇಲ್ಲದ್ದರಿಂದ, ನಿಲ್ಲಿಸಿದ ಮೇಲೂ ಅವರನ್ನು ತಿಂಗಳುಗಟ್ಟಲೆ ಮತ್ತೆ ಬರಹೇಳಿ ಪರೀಕ್ಷಿಸುತ್ತಿದ್ದರು.